ಆ ಜಾಕೆಟ್ ಇನ್ನು ನಮ್ಮ ಮನೆಯ ಬಚ್ಚಲಿಗೆ ಬರದಿರಲಿ

ಅಗ್ನಿಶಾಮಕ ಖಾತೆಯ ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಹೆಂಡತಿ. ಬೆಂಕಿ ಆರಿಸಿ ಬಂದ ನಮ್ಮ ಯಜಮಾನರ ಜಾಕೆಟ್ಟನ್ನು ವರ್ಷಗಟ್ಟಲೆ ನಾನೇ ಒಗೆದಿದ್ದೇನೆ. ಬಕೆಟ್ಟಿನಲ್ಲಿ ನೆನೆಹಾಕಿದ ಸ್ವಲ್ಪ ಹೊತ್ತಿಗೇ ನೀರು ಕಪ್ಪಾಗಿ, ಮೇಲೆ ಎಣ್ಣೆಯಂಥ ಪದರ ತೇಲುತ್ತದೆ. ಮೂರು ಸಲ ನೀರು ಬದಲಿಸಿದರೂ ಕಾಲರಿನಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹಾಗೇ ಇರುತ್ತದೆ. ಅದೇ ಬಚ್ಚಲಲ್ಲಿ ಮಗುವಿಗೂ ಸ್ನಾನ ಮಾಡಿಸಿದ್ದೇನೆ. ಆಗ ನನಗೆ ಇದೊಂದೂ ಗೊತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2022ರಲ್ಲಿ ಬೆಂಕಿ ಆರಿಸುವ ಉದ್ಯೋಗವನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ, ಕಲ್ನಾರು ಇರುವುದೂ ಅದೇ ಗುಂಪಿನಲ್ಲಿ. ಉಸಿರಾಟದ ಸಾಧನ ಹಾಕಿಕೊಂಡರೆ ಶ್ವಾಸಕೋಶಕ್ಕೆ ರಕ್ಷಣೆ ಸಿಗುತ್ತದೆ, ನಿಜ. ಆದರೆ ಬಟ್ಟೆಗೆ ಮೆತ್ತಿಕೊಂಡ ಮಸಿಯಲ್ಲಿರುವ ವಿಷ, ಬೆವರಿದ ಕುತ್ತಿಗೆಯ ತೆಳು ಚರ್ಮದ ಮೂಲಕ ಮೈಗಿಳಿಯುತ್ತದಲ್ಲ, ಅದನ್ನು ತಡೆಯುವವರು ಯಾರು? ಮಸಿ ಹಿಡಿದ ಹೆಲ್ಮೆಟ್ಟೆಂದರೆ ಅನುಭವದ ಗುರುತು ಎಂಬ ಹೆಮ್ಮೆ ನಮ್ಮವರಲ್ಲೂ ಇದೆ. ಆ ಹೆಮ್ಮೆಯನ್ನು ಅವರೂ ಬಿಡಬೇಕು.

ಒಗೆಯುವುದೂ ನನಗೆ ತಿಳಿದ ಕೆಲಸವಲ್ಲ ಎಂದು ತಡವಾಗಿ ಅರಿವಾಯಿತು. ಕಲೆ ಹೋಗಲೆಂದು ಬ್ಲೀಚ್ ಹಾಕುತ್ತಿದ್ದೆ, ಬಿಸಿಲಿಗೆ ಹರವುತ್ತಿದ್ದೆ. ಬೆಂಕಿ ತಡೆಯುವ ಆ ನೂಲನ್ನು ಇವೆರಡೂ ಸವೆಸುತ್ತವಂತೆ. ಅವರನ್ನು ಕಾಯಬೇಕಾದ ಬಟ್ಟೆಯನ್ನು ನನ್ನ ಕೈಯಾರೆ ಹಾಳು ಮಾಡಿದೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಸ್ವಾಮಿ, ನಮ್ಮ ಮುಖ್ಯ ಬೇಡಿಕೆ ಒಂದೇ: ಪ್ರತಿ ಸಿಬ್ಬಂದಿಗೂ ಬೆಂಕಿಗೆ ಹಾಕಿಕೊಂಡು ಹೋಗುವ ಬಟ್ಟೆಯ ಎರಡನೇ ಜೊತೆ ಕೊಡಿ. ಇರುವುದೊಂದೇ ಆದರೆ ಅದನ್ನು ತೊಳೆಯಲು ಬಿಡುವುದಾದರೂ ಯಾವಾಗ? ಒದ್ದೆ ಜಾಕೆಟ್ಟಿನಲ್ಲಿ ಬೆಂಕಿಗೆ ಹೋದರೆ ಹಬೆಯಿಂದ ಮೈ ಸುಡುತ್ತದೆ ಎಂಬ ಭಯಕ್ಕೇ ಎಷ್ಟೋ ಜನ ತೊಳೆಯುವುದಿಲ್ಲ. ಎರಡನೆಯದಿದ್ದರೆ ಮೊದಲನೆಯದನ್ನು ಠಾಣೆಯಲ್ಲೇ, ಅದಕ್ಕೆಂದೇ ಇಟ್ಟ ಮೆಷಿನ್ನಿನಲ್ಲಿ, ಒಳಪದರ ಬೇರೆ ಹೊರಪದರ ಬೇರೆ ಮಾಡಿ, 40 ಡಿಗ್ರಿ ಮೀರದ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬಹುದು.

ಮೆಷಿನ್ ಬರುವುದು ತಡವಾದರೂ ಒಂದು ಆದೇಶವನ್ನು ಇವತ್ತೇ ಹೊರಡಿಸಬಹುದು. ಬೆಂಕಿ ಆರಿದ ಜಾಗದಲ್ಲೇ ಬ್ರಷ್, ಸೌಮ್ಯ ಸೋಪು, ನೀರಿನಿಂದ ಮಸಿ ತೊಳೆದು, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ, ಸಿಬ್ಬಂದಿ ಕೂರುವ ಕ್ಯಾಬಿನ್ನಿಗೆ ತರದೆ ಬೇರೆ ಕಡೆ ಇಡಲಿ. ನೀರಿನ ವಾಹನ ಹೇಗೂ ಅಲ್ಲೇ ನಿಂತಿರುತ್ತದೆ.

ಇಂತಿ,
ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಪತ್ನಿ