ಭಾನುವಾರದ ಚರ್ಚೆ: ಒಂದು ಮುಖಪುಟ, ಅದರ ಅಣಕಗಳು

ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ಭಾನುವಾರ ರಾತ್ರಿ 8 ಗಂಟೆಗೆ ನಮ್ಮ ತಿಂಗಳ ಚರ್ಚೆ ವಿಡಿಯೋ ಕರೆಯಲ್ಲಿ ನಡೆಯಲಿದ್ದು, ಈ ಬಾರಿ ಅಮೆರಿಕದ ‘ವ್ಯಾನಿಟಿ ಫೇರ್’ ಪತ್ರಿಕೆಯ 1991ರ ಆಗಸ್ಟ್ ತಿಂಗಳ ಮುಖಪುಟವನ್ನೂ ಅದಕ್ಕೆ ಬಂದ ಅಣಕಗಳನ್ನೂ ಎತ್ತಿಕೊಂಡಿದ್ದೇವೆ. ಗರ್ಭಿಣಿಯಾಗಿದ್ದ ನಟಿ ಡೆಮಿ ಮೂರ್ ಅವರ ನಗ್ನ ಚಿತ್ರವನ್ನು ಛಾಯಾಗ್ರಾಹಕಿ ಆನಿ ಲೀಬೊವಿಟ್ಜ್ ತೆಗೆದಿದ್ದರು. ಅಮೆರಿಕದ ಕೆಲವು ಅಂಗಡಿಗಳು ಆ ಸಂಚಿಕೆಯನ್ನು ಮಾರಲು ಒಪ್ಪಲಿಲ್ಲ. ಅದೇ ವರ್ಷ ‘ಸ್ಪೈ’ ಎಂಬ ವಿಡಂಬನಾ ಪತ್ರಿಕೆ ಮೂರ್ ಅವರ ಆಗಿನ ಪತಿ, ನಟ ಬ್ರೂಸ್ ವಿಲ್ಲಿಸ್ ಅವರನ್ನೇ ಬಸುರಿಯ ಭಂಗಿಯಲ್ಲಿ ಮುಖಪುಟಕ್ಕೆ ತಂದಿತು.

ಚರ್ಚೆಯ ಹೆಚ್ಚಿನ ಸಮಯ ಮೂರನೆಯ ಪ್ರಸಂಗಕ್ಕೆ ಮೀಸಲು. 1994ರಲ್ಲಿ ತೆರೆಕಂಡ ಹಾಸ್ಯಚಿತ್ರವೊಂದರ ಪ್ರಚಾರಕ್ಕೆ ಪ್ಯಾರಮೌಂಟ್ ಚಿತ್ರಸಂಸ್ಥೆಯು ಅದೇ ಭಂಗಿಯಲ್ಲಿ ನಿಂತ ಗರ್ಭಿಣಿ ರೂಪದರ್ಶಿಯೊಬ್ಬರ ದೇಹಕ್ಕೆ ಆ ಚಿತ್ರದ ನಟ ಲೆಸ್ಲಿ ನೀಲ್ಸನ್ ಅವರ ತುಂಟ ನಗೆಯ ಮುಖವನ್ನು ಜೋಡಿಸಿತು. ಹಕ್ಕುಸ್ವಾಮ್ಯದ ಮೊಕದ್ದಮೆ ಹೂಡಿದ ಲೀಬೊವಿಟ್ಜ್ ಅವರಿಗೆ 1998ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋಲಾಯಿತು. ಜಾಹೀರಾತಾಗಿದ್ದರೂ ಅದು ಮೂಲ ಚಿತ್ರದ ಗಾಂಭೀರ್ಯವನ್ನೇ ಗೇಲಿ ಮಾಡುವ ಅಣಕವೆಂದು ನ್ಯಾಯಾಲಯ ಒಪ್ಪಿತು. ನನಗಂತೂ ಮೂವರಲ್ಲಿ ನೀಲ್ಸನ್ ಅವರ ನಗೆಯೇ ಮೇಲು. ಒಪ್ಪದವರು ಭಾನುವಾರ ವಾದಿಸಬಹುದು.

ಗುಂಪಿನಲ್ಲಿ ಶಾಲಾ ವಿದ್ಯಾರ್ಥಿಗಳೂ ಇರುವುದರಿಂದ ದಯವಿಟ್ಟು ಈ ಚಿತ್ರಗಳನ್ನು ಇಲ್ಲಿ ಹಂಚಬೇಡಿ. ತೀರ್ಪಿನ ಸಾರಾಂಶವನ್ನು ಮಾತ್ರ ಗುರುವಾರ ಕಳಿಸುತ್ತೇನೆ, ಓದಿಕೊಂಡು ಬನ್ನಿ. ಮಾತನಾಡಲು ಇಚ್ಛಿಸುವವರು, ಬೆಳಗಿನ ಹೊತ್ತಿಗೆ ಸೇರಬೇಕಾದ ಅಮೆರಿಕದ ಸದಸ್ಯರೂ ಸೇರಿದಂತೆ, ಶುಕ್ರವಾರ ಸಂಜೆಯೊಳಗೆ ಈ ಸಂದೇಶಕ್ಕೆ ಉತ್ತರವಾಗಿ ತಮ್ಮ ಹೆಸರನ್ನೂ ಆರಿಸಿಕೊಂಡ ಅಣಕವನ್ನೂ ತಿಳಿಸಬೇಕಾಗಿ ವಿನಂತಿ.