ಜಿನ್ನಾ ಹೌಸಿನ ಬಾಗಿಲು ಜನರಿಗೂ ತೆರೆಯಲಿ: ವಿದೇಶಾಂಗ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವ ಎಸ್. ಜೈಶಂಕರ್ ಅವರಿಗೆ ಮುಂಬೈ ಕನ್ನಡಿಗನೊಬ್ಬನ ನಮಸ್ಕಾರ.

ಮುಂಬೈ ಮಲಬಾರ್ ಹಿಲ್‌ನಲ್ಲಿ ಮೊಹಮ್ಮದ್ ಅಲಿ ಜಿನ್ನಾ ಇದ್ದ ಮನೆ, ಜಿನ್ನಾ ಹೌಸ್, ಬ್ರಿಟಿಷ್ ಉಪ ಹೈಕಮಿಷನ್ನಿನವರು ಖಾಲಿ ಮಾಡಿದ ಮೇಲೆ ಹೆಚ್ಚುಕಮ್ಮಿ ಪಾಳು ಬಿದ್ದಿದೆ. ಕೆಡವಿಬಿಡಿ ಅನ್ನುವವರಿದ್ದಾರೆ. ದೆಹಲಿಯ ಹೈದರಾಬಾದ್ ಹೌಸ್ ಥರ ಸರ್ಕಾರಿ ಅತಿಥಿಗಳಿಗೆ ಬಳಸೋಣ ಅಂತ 2018ರಲ್ಲಿ ನಿಮ್ಮ ಇಲಾಖೆಯೇ ಯೋಚಿಸಿತ್ತು. ಅತಿಥಿಗಳು ಬರಲಿ, ಬೇಡ ಅನ್ನುವುದಿಲ್ಲ. ಒಂದೆರಡು ಕೋಣೆಗಳನ್ನು ಮಾತ್ರ ಜನರಿಗೆ ಬಿಡಿ. ಅಲ್ಲಿ ಬಾಂಬೆ ಹೈಕೋರ್ಟಿನ ವಕೀಲ ಜಿನ್ನಾರ ಕಥೆ ಹೇಳಿ.

ಪಾಕಿಸ್ತಾನ ಕಟ್ಟಿದ ಜಿನ್ನಾ ಎಲ್ಲರಿಗೂ ಗೊತ್ತು. ಆ ವಕೀಲರನ್ನು ನಾವು ಮರೆತೇಬಿಟ್ಟಿದ್ದೇವೆ. ಅವರಿಗೆ ನಮ್ಮ ಬೆಳಗಾವಿಯ ನಂಟೂ ಇದೆ. 1916ರಲ್ಲಿ ತಿಲಕರು ಬೆಳಗಾವಿಯಲ್ಲಿ, ಆಮೇಲೆ ಅಹ್ಮದ್‌ನಗರದಲ್ಲಿ ಹೋಂ ರೂಲ್, ಅಂದರೆ ಸ್ವಯಮಾಡಳಿತ ಬೇಕೆಂದು ಭಾಷಣ ಮಾಡಿದರು. ರಾಜದ್ರೋಹ ಅಂತ ಕೇಸು ಬಿತ್ತು. ಒಂದು ವರ್ಷ ನೆಟ್ಟಗಿರುತ್ತೇನೆಂದು 20,000 ರೂಪಾಯಿಗೆ ಮುಚ್ಚಳಿಕೆ ಬರೆದುಕೊಡಿ, ತಲಾ 10,000ಕ್ಕೆ ಇಬ್ಬರು ಜಾಮೀನುದಾರರನ್ನೂ ತನ್ನಿ ಎಂದರು ಮ್ಯಾಜಿಸ್ಟ್ರೇಟರು. ಆ ಕಾಲದ 20,000 ಅಂದ್ರೆ ಹುಡುಗಾಟವಾ? ಹೈಕೋರ್ಟಿನಲ್ಲಿ ತಿಲಕರ ಪರ ನಿಂತವರು ಜಿನ್ನಾ. ಅಲ್ಲೊಂದು ಇಲ್ಲೊಂದು ಸಾಲು ಹೆಕ್ಕದೆ ಭಾಷಣ ಪೂರ್ತಿ ಓದಬೇಕು, ತಿಲಕರು ಬೈದದ್ದು ಅಧಿಕಾರಶಾಹಿಯನ್ನೇ ಹೊರತು ಸರ್ಕಾರವನ್ನಲ್ಲ ಅನ್ನುವುದು ಅವರ ವಾದದ ತಿರುಳು. ನವೆಂಬರಿನಲ್ಲಿ ಆದೇಶ ರದ್ದಾಯಿತು. 1908ರಲ್ಲಿ ಇದೇ ತಿಲಕರಿಗೆ ಜಾಮೀನು ಕೇಳಿ ಸೋತಿದ್ದರು ಜಿನ್ನಾ! 1916ರ ಆದೇಶ ರದ್ದಾದ ಮರುತಿಂಗಳೇ ಲಖನೌದಲ್ಲಿ ಕಾಂಗ್ರೆಸ್ಸಿಗೂ ಮುಸ್ಲಿಂ ಲೀಗಿಗೂ ಒಪ್ಪಂದವಾಯಿತು. ಅದಕ್ಕೂ ಇಬ್ಬರೂ ಓಡಾಡಿದ್ದರು.

ಇದೇ ಜಿನ್ನಾ 1920ರಲ್ಲಿ ಕಾಂಗ್ರೆಸ್ ಬಿಟ್ಟರು. ಮುಸ್ಲಿಮರಿಗೆ ಪ್ರತ್ಯೇಕ ರಾಜ್ಯಗಳನ್ನು ಕೇಳಿದ 1940ರ ಲಾಹೋರ್ ನಿರ್ಣಯ ಅವರ ನಾಯಕತ್ವದಲ್ಲೇ ಬಂತು. 1946ರ ಆಗಸ್ಟ್ 16ರ ‘ನೇರ ಕಾರ್ಯಾಚರಣೆ’ಗೆ ಕರೆ ಕೊಟ್ಟದ್ದು ಅವರ ಲೀಗು. ಅವತ್ತು ಕಲ್ಕತ್ತಾದಲ್ಲಿ ಶುರುವಾದ ಕೊಲೆಗಳ ಹೊಣೆಯಿಂದ ಜಿನ್ನಾ ನುಣುಚಿಕೊಳ್ಳುವ ಹಾಗಿಲ್ಲ. ಅದನ್ನೂ ಗೋಡೆ ಮೇಲೆ ಬರೆಸಿ. ನಾನು ಕೇಳುತ್ತಿರುವುದು ಹೊಗಳಿಕೆಯ ಮ್ಯೂಸಿಯಂ ಅಲ್ಲ.

1944ರ ಸೆಪ್ಟೆಂಬರ್ 9ರಿಂದ 27ರವರೆಗೆ ಗಾಂಧೀಜಿ ಅಲ್ಲೇ ಹತ್ತಿರದ ಬಿರ್ಲಾ ಹೌಸಿನಿಂದ ಈ ಮನೆಗೆ ಬಂದು ಮಾತಾಡಿದ್ದರು. ಮಾತು ಮುರಿದುಬಿತ್ತು. ದೇಶ ಒಡೆದು ಕರಾಚಿ ಸೇರಿದ ಮೇಲೂ ಜಿನ್ನಾಗೆ ಮನೆಯ ಆಸೆ ಹೋಗಿರಲಿಲ್ಲ. ಮುಂಬೈಗೆ ಮರಳಿ ಇಲ್ಲೇ ಇರುವ ಮಾತನ್ನು ನಮ್ಮ ಹೈಕಮಿಷನರ್ ಶ್ರೀಪ್ರಕಾಶರ ಬಳಿ ಆಡಿದ್ದರು. 1948ರ ಸೆಪ್ಟೆಂಬರ್ 11ಕ್ಕೆ ತೀರಿಕೊಂಡರು. ಆಮೇಲೆ ಮಗಳು ದೀನಾ ವಾಡಿಯಾ ಮನೆಗಾಗಿ ಕೋರ್ಟಿಗೆ ಹೋದರು. ಅವರೂ 2017ರಲ್ಲಿ ಹೋದರು.

ಕೋರ್ಟಿನ ವ್ಯವಹಾರ ತನ್ನ ಪಾಡಿಗೆ ನಡೆಯಲಿ. ಅಷ್ಟರಲ್ಲಿ 1916ರ ತೀರ್ಪಿನ ಪ್ರತಿಯೊಂದನ್ನು ಹೈಕೋರ್ಟಿನಿಂದ ತರಿಸಿ. ಗಾಜಿನ ಚೌಕಟ್ಟಿನಲ್ಲಿಟ್ಟು, ಪಕ್ಕದಲ್ಲಿ ಮರಾಠಿ, ಉರ್ದು, ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ. ವಾರಕ್ಕೊಂದು ದಿನ ಬಾಗಿಲು ತೆಗೆದರೂ ಸಾಕು.

ಇಂತಿ,
ಮಾಟುಂಗಾದ ಒಬ್ಬ ಕನ್ನಡಿಗ