ಕೊನೇ ಬೆಂಚಿನ ಮೌನ: ದುರ್ಗದ ಗೆಳೆಯನಿಗೊಂದು ಪತ್ರ

ದಾವಣಗೆರೆ

ಗೆಳೆಯಾ,

ಜೋಗಿಮಟ್ಟಿಯ ಗಾಳಿಯಲ್ಲಿ ಒಂದಿಷ್ಟನ್ನು ಇತ್ತ ಕಳಿಸು, ಇಲ್ಲಿ ಸೆಕೆ. ಹುಡುಗರು ಪಾಠದಲ್ಲಿ ಎಷ್ಟು ತೊಡಗಿದ್ದಾರೆಂದು ಅಳೆಯಲು ನೀನು ಕಳಿಸಿದ ತರಗತಿ ವೀಕ್ಷಣೆಯ ನಮೂನೆ ನೋಡಿದೆ. ಹಾಜರಿ, ಕೈ ಎತ್ತಿದವರು, ಪ್ರಶ್ನೆ ಕೇಳಿದವರು, ನೋಟ್ಸ್ ಬರೆದುಕೊಂಡವರು. ನಾಲ್ಕೂ ಕಾಲಂ ಕಣ್ಣಿಗೆ ಕಾಣುವಂಥವೇ. ಶಿಕ್ಷಣ ಸಂಶೋಧಕರಾದ ಫ್ರೆಡ್ರಿಕ್ಸ್, ಬ್ಲೂಮೆನ್‌ಫೆಲ್ಡ್ ಮತ್ತು ಪ್ಯಾರಿಸ್ 2004ರಲ್ಲಿ ಶಾಲೆಗಳ ಬಗ್ಗೆ ಬರೆಯುತ್ತ ತೊಡಗುವಿಕೆಯನ್ನು ವರ್ತನೆ, ಭಾವನೆ, ಚಿಂತನೆ ಎಂದು ಮೂರಾಗಿ ಬಿಡಿಸಿದ್ದರು. ಶೇ 75ರ ಹಾಜರಿಗೆಂದು ಬಂದು ಕೂತವನು ಮೊದಲನೆಯದರಲ್ಲಿ ಪಾಸು. ಉಳಿದೆರಡನ್ನು ನಿನ್ನ ನಮೂನೆ ಕೇಳುವುದೇ ಇಲ್ಲ.

ಚಿಂತನೆ ಹೊರಗೆ ಕಾಣಬೇಕೆಂದರೆ ಎರಿಕ್ ಮಜೂರ್ 1991ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಯಲ್ಲಿ ಶುರು ಮಾಡಿದ ಪೀರ್ ಇನ್‌ಸ್ಟ್ರಕ್ಷನ್, ಅಂದರೆ ಹುಡುಗರು ಪಕ್ಕದವರೊಡನೆ ಚರ್ಚಿಸಿ ಕಲಿಯುವ ವಿಧಾನ, ಮಾಡಿ ನೋಡು. ಉತ್ತರ ಒತ್ತುವ ಯಂತ್ರ ಬೇಡ, ಒಬ್ಬೊಬ್ಬರಿಗೂ ನಾಲ್ಕು ಬಣ್ಣದ ರಟ್ಟು ಸಾಕು, ಒಂದು ಆಯ್ಕೆಗೆ ಒಂದು ಬಣ್ಣ. ನಿನ್ನ ಅರ್ಥಶಾಸ್ತ್ರಕ್ಕೆ ಒಂದು ಪ್ರಶ್ನೆ: ಚಳ್ಳಕೆರೆ, ಹಿರಿಯೂರಿನಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ ಈರುಳ್ಳಿ ಭರ್ತಿ ಬಂದರೆ ಬೆಳೆಗಾರರ ಒಟ್ಟು ಆದಾಯ ಏನಾಗುತ್ತದೆ? ಆಯ್ಕೆ ನಾಲ್ಕು: ಏರುತ್ತದೆ, ಇಳಿಯುತ್ತದೆ, ಹಾಗೇ ಇರುತ್ತದೆ, ಇಳುವರಿ ಏರಿದಷ್ಟೇ ಏರುತ್ತದೆ. ಅಗ್ಗವಾಯಿತೆಂದು ಯಾರೂ ಎರಡು ಪಟ್ಟು ಈರುಳ್ಳಿ ತಿನ್ನುವುದಿಲ್ಲ. ಬೆಲೆ ಇಳುವರಿಗಿಂತ ಜೋರಾಗಿ ಬೀಳುತ್ತದೆ, ಆದಾಯವೂ ಇಳಿಯುತ್ತದೆ. ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬಬೇಡ. ಹಿಂದಿನ ಉತ್ತರ ಪತ್ರಿಕೆಗಳಲ್ಲಿ ಹುಡುಗರು ನಿಜವಾಗಿ ಎಡವಿದ ಜಾಗಗಳನ್ನೇ ಹೆಕ್ಕು.

ಒಂದೆರಡು ನಿಮಿಷ ಒಬ್ಬೊಬ್ಬರೇ ಯೋಚಿಸಲಿ. ಆಮೇಲೆ ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಒಟ್ಟಿಗೇ ರಟ್ಟನ್ನು ಎದೆಗೆ ಹಿಡಿಯಬೇಕು. ಒಬ್ಬೊಬ್ಬರಾಗಿ ಎತ್ತಿದರೆ ರ್‍ಯಾಂಕ್ ಹುಡುಗಿಯ ಬಣ್ಣವೇ ಇಡೀ ಸಾಲಿನ ಬಣ್ಣ. ಸರಿಯುತ್ತರ ಶೇ 30ಕ್ಕಿಂತ ಕಡಿಮೆಯಿದ್ದರೆ ಮತ್ತೆ ಪಾಠ ಮಾಡು. ಚರ್ಚೆಗೆ ಬಿಟ್ಟರೆ ತಪ್ಪೇ ಹಂಚಿಕೆಯಾಗುತ್ತದೆ. ಶೇ 70 ದಾಟಿದ್ದರೆ ಎರಡು ಮಾತಲ್ಲಿ ವಿವರಿಸಿ ಮುಂದೆ ಹೋಗು. ನಡುವೆ ಇದ್ದಾಗಲೇ ಹಬ್ಬ: ಬೇರೆ ಬಣ್ಣ ಹಿಡಿದ ಪಕ್ಕದವನನ್ನು ಒಪ್ಪಿಸಲು ಎರಡು ಮೂರು ನಿಮಿಷ ಕೊಡು, ಮತ್ತೆ ರಟ್ಟು ಎತ್ತಿಸು. ಬೆಂಚು ನೆಲಕ್ಕೆ ಬೋಲ್ಟ್ ಆಗಿದ್ದರೆ ಒಂದು ಬಿಟ್ಟು ಒಂದು ಸಾಲಿನವರು ಹಿಂದಕ್ಕೆ ತಿರುಗಲಿ. ಚರ್ಚೆಗೆ ಮೊದಲೇ ಯಾವ ಬಣ್ಣ ಎಷ್ಟು ಎಂದು ಹೇಳಿಬಿಡಬೇಡ, ಎಲ್ಲರೂ ಬಹುಮತದ ಕಡೆ ಜಾರುತ್ತಾರೆ.

ಮೊದಲ ವಾರದಲ್ಲೇ ಹುಡುಗರಿಗೆ ಒಂದು ಮಾತು ಹೇಳಿಡು. ಹಾರ್ವರ್ಡ್‌ನಲ್ಲೇ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ತಲೆ ಕೆಡಿಸಿಕೊಂಡು ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಗಳಿಸಿದರು, ಆದರೆ ಕಡಿಮೆ ಕಲಿತೆವು ಎಂದೇ ಅವರಿಗೆ ಅನ್ನಿಸಿತ್ತು. ಸೊಗಸಾದ ಉಪನ್ಯಾಸ ಕೇಳಿದವರದು ಇದಕ್ಕೆ ತಿರುಗುಮುರುಗು. ಅಂದಮೇಲೆ ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರಂ ಒಂದನ್ನೇ ನಂಬಿ ಮೇಷ್ಟರ ಬೆಲೆ ಕಟ್ಟುವುದು ಹೇಗೆ?

ನನ್ನ ನಿದ್ದೆ ಕೆಡಿಸಿರುವುದು ಮಾತ್ರ ಇದ್ಯಾವುದೂ ಅಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಎಸೆದರೆ ಅದು ಮೊದಲು ಕನ್ನಡವಾಗಬೇಕು, ಉತ್ತರ ಕನ್ನಡದಲ್ಲೇ ಹುಟ್ಟಬೇಕು, ಮತ್ತೆ ಇಂಗ್ಲಿಷಾಗಿ ಬಾಯಿಗೆ ಬರಬೇಕು. ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಅಳೆದಾಗ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡಿಗೆ ಏರಿಸಿದ್ದೇ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿ ಬಿಟ್ಟರು. ನಮ್ಮ ಮಕ್ಕಳಿಗೆ ಎರಡು ಸಲ ಅನುವಾದದ ಹೊಳೆ ದಾಟಲು ಮೂರು ಸೆಕೆಂಡೂ ಸಾಲದು. ಅಷ್ಟರಲ್ಲಿ ಮುಂದಿನ ಬೆಂಚು ಉತ್ತರ ಹೇಳಿ ಆಗಿರುತ್ತದೆ, ನಮೂನೆಯಲ್ಲಿ ಆ ಮಗುವಿನ ಎದುರು ‘ತೊಡಗಿಲ್ಲ’ ಎಂದು ಗುರುತು ಬಿದ್ದಿರುತ್ತದೆ. ಅಂಥ ಗುರುತು ನಾನು ತರಗತಿಗಳಲ್ಲಿ ಕಲೆಹಾಕಿದ ದತ್ತಾಂಶದ ತುಂಬ ಇದೆ, ಗೆಳೆಯಾ. ಯೋಚಿಸುತ್ತಿದ್ದ ಮಕ್ಕಳನ್ನು ಸೋಮಾರಿಗಳೆಂದು ಬರೆದಿಟ್ಟಿದ್ದೇನೆ. ಇಷ್ಟನ್ನು ಎಲ್ಲರೂ ಓದುವಂತೆ ಬರೆಯಬೇಕೆಂದುಕೊಂಡಿರಲಿಲ್ಲ.

ಇರಲಿ. ನೀನು ಪ್ರಶ್ನೆಯನ್ನು ಎರಡೂ ಭಾಷೆಯಲ್ಲಿ ಬೋರ್ಡಿನ ಮೇಲೆ ಬರೆ, ಚರ್ಚೆ ಕನ್ನಡದಲ್ಲೇ ನಡೆಯಲಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಭಾನುವಾರ ಬರುವಾಗ ರಟ್ಟು ತಾ, ಕತ್ತರಿ ನನ್ನಲ್ಲಿದೆ. ಬೆಣ್ಣೆ ದೋಸೆ ನನ್ನ ಲೆಕ್ಕ. ಮೂರನೆಯ ದೋಸೆ ಯಾರದೆಂದು ನಿನಗೆ ಗೊತ್ತೇ ಇದೆ.

ನಿನ್ನವ